ಲಾರಿ ಚಾಲಕನ ದಣಿವು ಮತ್ತು ಅಪಘಾತ ಪರಿಹಾರದ ಹೊಣೆ: ಅನುಭವಸ್ಥರ ಉತ್ತರಗಳು

ಪ್ರಶ್ನೆ, ಕುಮಟಾದಿಂದ:
2024ರ ಕೊನೆಯಲ್ಲಿ ಮಿರ್ಜಾನ ಸಮೀಪ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ನನ್ನ ತಮ್ಮನಿಗೆ, ಬೆಳಗಿನ ಜಾವ ಮಂಗಳೂರು ಕಡೆಯಿಂದ ಬಂದ ಸರಕು ಲಾರಿ ಹಿಂದಿನಿಂದ ಬಡಿದು ಅವನು ತೀರಿಕೊಂಡನು. ನಿದ್ದೆ ಹತ್ತಿತ್ತು ಎಂದು ಚಾಲಕನು ಅಲ್ಲಿ ಸೇರಿದವರೆದುರು ಹೇಳಿದ್ದನು. ದೋಷಾರೋಪ ಪಟ್ಟಿಯಲ್ಲಿ ಮಾತ್ರ ಅತಿವೇಗ ಮತ್ತು ನಿಷ್ಕಾಳಜಿ ಎಂದಷ್ಟೇ ಇದೆ. ಪರಿಹಾರಕ್ಕೆ ಆಗಲೇ ಅರ್ಜಿ ಹಾಕಿದ್ದೇವೆ. ಬೈಕ್ ರಸ್ತೆಯ ಮೇಲೇ ನಿಂತಿತ್ತು, ಹಾಗಾಗಿ ಅರ್ಧ ತಪ್ಪು ಮೃತನದು ಎಂದು ವಿಮಾ ಕಂಪನಿ ವಾದಿಸುತ್ತಿದೆ. ನಿದ್ದೆಗೆಟ್ಟು ಓಡಿಸಿದ್ದನ್ನು ತೋರಿಸುವುದು ಹೇಗೆ? ಹಣ ಕೊಡಬೇಕಾದವರು ಯಾರು? ಆ ಚಾಲಕನೂ ಬಡವನೇ ಎಂಬುದು ನನ್ನ ಮನಸ್ಸನ್ನು ಕೊರೆಯುತ್ತಿದೆ.

ಅಂಕೋಲಾದಿಂದ:
ನಮ್ಮ ಮಾವನವರ ಪ್ರಕರಣವೂ ಇದೇ ಹೆದ್ದಾರಿಯದು. ಕೇರಳದಲ್ಲಿ ಪ್ಲೈವುಡ್ ತುಂಬಿಕೊಂಡು ಗೋವಾ ಕಡೆ ಹೊರಟಿದ್ದ ಲಾರಿ ಅದು. ಚಾಲಕ ನಿದ್ದೆಗೆಟ್ಟಿದ್ದನೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಆತ ಎಷ್ಟು ಹೊತ್ತಿನಿಂದ ಸ್ಟೇರಿಂಗ್ ಹಿಡಿದಿದ್ದ ಎಂಬುದನ್ನು ಕಾಗದಗಳಿಂದ ಜೋಡಿಸಿ ತೋರಿಸಬೇಕು. ಸರಕಿನ ಇ-ವೇ ಬಿಲ್ಲಿನಲ್ಲಿ ದಿನಾಂಕ ಮತ್ತು ಸಮಯ ಇರುತ್ತದೆ, ಸರಕು ತೂಗಿದ ಕಾಟಾ ಚೀಟಿಯಲ್ಲಿ ಲಾರಿ ಎಷ್ಟು ಗಂಟೆಗೆ ಅಲ್ಲಿತ್ತು ಎಂಬುದಿರುತ್ತದೆ, ಡೀಸೆಲ್ ಬಂಕಿನ ರಸೀದಿ ನಡುವಿನ ನಿಲುಗಡೆಯನ್ನು ಹೇಳುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ಫಾಸ್ಟ್ಯಾಗ್ ದಾಖಲೆ. ನಿಮ್ಮ ಪ್ರಕರಣದ ಲಾರಿ ಮಿರ್ಜಾನಕ್ಕೆ ಬರುವ ಮೊದಲು ಶಿರೂರು ಮತ್ತು ಹೊಳೆಗದ್ದೆ ಟೋಲ್‌ಗಳನ್ನು ದಾಟಿರಲೇಬೇಕು. ಎರಡು ಟೋಲ್‌ಗಳ ನಡುವೆ ಹಿಡಿದ ಸಮಯವನ್ನು ನೋಡಿದರೆ, ಆತ ಎಲ್ಲಾದರೂ ನಿಲ್ಲಿಸಿ ಮಲಗಿದ್ದನೇ ಇಲ್ಲವೇ ಎಂಬುದು ತಾನಾಗಿಯೇ ತಿಳಿಯುತ್ತದೆ. ಟೋಲ್‌ನವರು ಇದನ್ನು ನಮ್ಮ ಕೈಗೆ ಕೊಡಲಿಲ್ಲ. ವಕೀಲರು ಅಪಘಾತ ಪರಿಹಾರದ ಪ್ರಕರಣ ನಡೆಸುವ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ತರಿಸಿದರು. ಕ್ಯಾಮೆರಾದ ದೃಶ್ಯ ಈ ಹೊತ್ತಿಗೆ ಅಳಿದಿರಬಹುದು, ಅದರ ಬೆನ್ನು ಹತ್ತಿ ದಿನ ಕಳೆಯಬೇಡಿ.

ಇನ್ನೊಂದು ಮಾತು. ಸ್ಥಳ ಪಂಚನಾಮೆಯಲ್ಲಿ ಬ್ರೇಕ್ ಹಾಕಿದ ಗುರುತಿನ ಬಗ್ಗೆ ಏನು ಬರೆದಿದ್ದಾರೆಂದು ಓದಿ. ಎಚ್ಚರವಿದ್ದವನು ಕೊನೆಯ ಗಳಿಗೆಯಲ್ಲಾದರೂ ಬ್ರೇಕ್ ತುಳಿಯುತ್ತಾನೆ. ನಮ್ಮ ಪ್ರಕರಣದಲ್ಲಿ ಟೈರು ಉಜ್ಜಿದ ಗುರುತೇ ಇರಲಿಲ್ಲ, ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕ್ ಸರಿಯಾಗಿದೆ ಎಂದಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟ ಮೇಲೆ ಬ್ರೇಕ್ ಫೇಲ್ ಎಂಬ ಮಾಲಕರ ಮಾತು ನಿಲ್ಲಲಿಲ್ಲ.

ಯಲ್ಲಾಪುರದಿಂದ, ಹಿಂದೆ ಲಾರಿ ಚಾಲಕ:
ಅಕ್ಕಾ, ಚಾಲಕನ ಬಗ್ಗೆ ನೀವು ಯೋಚಿಸಿದ್ದಕ್ಕೆ ಬರೆಯುತ್ತಿದ್ದೇನೆ. ಅರಬೈಲ್ ಘಟ್ಟದಲ್ಲಿ ರಾತ್ರಿ ಹಗಲು ಓಡಿಸಿದವನು ನಾನು. ಪಗಾರ ಟ್ರಿಪ್ಪಿನ ಲೆಕ್ಕದಲ್ಲಿರುತ್ತದೆ, ತಡವಾದರೆ ಬತ್ತಾದಲ್ಲಿ ಕಡಿತ, ಖರ್ಚು ಉಳಿಸಲೆಂದು ಕ್ಲೀನರನ್ನೂ ಕಳಿಸುವುದಿಲ್ಲ. ಘಟ್ಟದ ತಿರುವುಗಳಲ್ಲಿ ನಿದ್ದೆ ಬರುವುದಿಲ್ಲ. ಘಟ್ಟ ಇಳಿದು ನೇರ ರಸ್ತೆ ಸಿಕ್ಕ ಮೇಲೆ, ಅದೂ ನಸುಕಿನ ಹೊತ್ತಿಗೆ, ಕಣ್ಣು ತೆರೆದಿದ್ದರೂ ರಸ್ತೆ ಕಾಣದ ಸ್ಥಿತಿ ಬರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದೂರದ ಹಾದಿಗೆ ಹೆಚ್ಚೆಂದರೆ ದಿನಕ್ಕೆ 10, ವಾರಕ್ಕೆ 54. ನಿಮ್ಮ ತಮ್ಮ ತೀರಿಕೊಂಡಾಗ ಅದು ಜಾರಿಯಲ್ಲಿತ್ತು. ನನಗೆ ಕೆಲಸ ಕೊಟ್ಟ ಯಾವ ಮಾಲಕರೂ ಅದನ್ನು ಪಾಲಿಸಿದ್ದನ್ನು ನಾನು ಕಾಣಲಿಲ್ಲ. ಆದ್ದರಿಂದ ಚಾಲಕನ ಗಂಟೆಗಳ ಲೆಕ್ಕ ಕೇಳಿದರೆ ಅದು ಅವನ ಮೇಲಿನ ದೂರಾಗುವುದಿಲ್ಲ, ಅವನನ್ನು ಹಾಗೆ ದುಡಿಸಿದವರ ಲೆಕ್ಕವೂ ಹೊರಗೆ ಬರುತ್ತದೆ. ದಯವಿಟ್ಟು ಟ್ರಿಪ್ ಶೀಟ್, ಅಂದರೆ ಪ್ರತಿ ಟ್ರಿಪ್ಪಿನಲ್ಲಿ ಹೊರಟ, ತಲುಪಿದ ಹೊತ್ತು ಬರೆದಿಡುವ ಹಾಳೆ, ಕೇಳಿ.

ಶಿರಸಿಯಿಂದ, ವಕೀಲರು:
ಮೇಲಿನ ಇಬ್ಬರ ಮಾತೂ ಸರಿಯಾಗಿದೆ; ಕಾನೂನಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿಯಲ್ಲಿ ನಿದ್ದೆಯನ್ನು ಬೇರೆಯಾಗಿ ಸಾಬೀತುಪಡಿಸಬೇಕಾಗಿಲ್ಲ, ಚಾಲಕನ ನಿರ್ಲಕ್ಷ್ಯ ತೋರಿಸಿದರೆ ಸಾಕು. ಅದನ್ನೂ ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತವಾಗಿ ತೋರಿಸಬೇಕೆಂದಿಲ್ಲ, ಹೆಚ್ಚು ಸಂಭವನೀಯ ಎಂದು ಕಂಡರೆ ಸಾಕು. ಕೆಲಸದ ಮೇಲಿದ್ದ ಚಾಲಕನ ತಪ್ಪಿಗೆ ಮಾಲಕನು ಹೊಣೆ, ಮಾಲಕನ ಪರವಾಗಿ ವಿಮಾ ಕಂಪನಿ ಪಾವತಿಸಬೇಕು. ಕಂಪನಿ ಯಾವ ಕಾರಣಗಳಿಂದ ಹೊಣೆ ತಪ್ಪಿಸಿಕೊಳ್ಳಬಹುದು ಎಂಬುದನ್ನು 150ನೇ ಕಲಮು ಪಟ್ಟಿ ಮಾಡಿದೆ. ಸರಿಯಾದ ಲೈಸೆನ್ಸ್ ಇಲ್ಲದಿರುವುದು, ಪರ್ಮಿಟ್ ಉಲ್ಲಂಘನೆ, ಮದ್ಯ ಅಥವಾ ಮಾದಕ ವಸ್ತುವಿನ ಅಮಲು ಅದರಲ್ಲಿವೆ, ದಣಿವು ಇಲ್ಲ. ಹಾಗಾಗಿ ದಣಿವನ್ನು ಎತ್ತಿ ಹೇಳಿದರೆ ಪರಿಹಾರವೇ ಕೈತಪ್ಪುತ್ತದೆ ಎಂಬ ಭಯ ಬೇಡ.

ದಣಿವಿನ ಸಾಕ್ಷ್ಯ ನಿಮಗೆ ನಿಜವಾಗಿ ಬೇಕಾಗಿರುವುದು ಅರ್ಧ ತಪ್ಪಿನ ವಾದಕ್ಕೆ ಉತ್ತರವಾಗಿ. ಶೇ. 50ರಷ್ಟು ತಪ್ಪು ಮೃತನದೆಂದು ತೀರ್ಮಾನವಾದರೆ 20 ಲಕ್ಷ ರೂಪಾಯಿ ಬರಬೇಕಾದಲ್ಲಿ 10 ಲಕ್ಷ ಉಳಿಯುತ್ತದೆ. ಆದರೆ ಹಾಗೆ ವಾದಿಸುವವರೇ ಅದನ್ನು ಸಾಕ್ಷ್ಯದಿಂದ ತೋರಿಸಬೇಕು. ಚಾಲಕನನ್ನು ಕಂಪನಿ ಸಾಕ್ಷಿಯಾಗಿ ಕರೆಸದಿದ್ದರೆ ಆ ಕೊರತೆಯನ್ನು ನಿಮ್ಮ ವಕೀಲರು ಎತ್ತಿ ತೋರಿಸಲಿ; ಕರೆಸಿದರೆ ಎಷ್ಟು ಗಂಟೆಗೆ ಹೊರಟೆ, ಎಲ್ಲಿ ಮಲಗಿದೆ ಎಂದು ಪಾಟೀ ಸವಾಲಿನಲ್ಲಿ ಕೇಳಲಿ. ನಿದ್ದೆ ಹತ್ತಿತ್ತೆಂಬ ಅವನ ಮಾತನ್ನು ಕಿವಿಯಾರೆ ಕೇಳಿದ ಒಬ್ಬರನ್ನಾದರೂ ಸಾಕ್ಷಿಯಾಗಿ ಹಾಜರುಪಡಿಸಿ. ದಾಖಲೆಗಳನ್ನು ತರಿಸಿಕೊಳ್ಳುವ ಅಧಿಕಾರ 169ನೇ ಕಲಮಿನಡಿ ನ್ಯಾಯಮಂಡಳಿಗೆ ಇದೆ. ಫಾಸ್ಟ್ಯಾಗ್ ಮತ್ತು ಟ್ರಿಪ್ ಶೀಟ್ ಎರಡಕ್ಕೂ ನಿಮ್ಮ ಕಡೆಯ ಸಾಕ್ಷ್ಯ ಮುಗಿಯುವ ಮೊದಲೇ ಅರ್ಜಿ ಹಾಕಿಸಿ.