ಸಹಾಯ ಬೇಕು: ಕಾಶಿಯ ಹಳೆ ಗೋಡೆಗೆ ಯಾವ ಬಣ್ಣ ನಿಲ್ಲುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ಗೋಡೆ ಚಿತ್ರ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಜರ್ಮನಿಯಿಂದ ನನ್ನ ಗೆಳತಿ ಕಾಶಿಗೆ ಬರುತ್ತಾಳೆ, ಅಸ್ಸಿ ಘಾಟ್ ಹತ್ತಿರದ ಗಲ್ಲಿಯಲ್ಲಿ ಒಂದು ಮನೆಯ ಹೊರಗೋಡೆಗೆ ಇಬ್ಬರೂ ಸೇರಿ ಗಂಗೆಯ ದೋಣಿಗಳನ್ನು ಬರೆಯಬೇಕು ಅಂತ ಆಸೆ. ಮನೆಯವರು ಖುಷಿಯಿಂದ ಒಪ್ಪಿದ್ದಾರೆ.

ತೊಂದರೆ ಗೋಡೆಯದ್ದು. ಹಳೆ ಇಟ್ಟಿಗೆ, ಸುಣ್ಣದ ಗಾರೆ. ಫೋಟೋದಲ್ಲಿ ಸೊಂಟದ ಎತ್ತರದವರೆಗೆ ಬಿಳಿ ಉಪ್ಪು ಬಿಟ್ಟಿರುವುದು ಕಾಣುತ್ತದೆ. ಮಳೆಗಾಲದಲ್ಲಿ ಗಂಗೆ ಮೆಟ್ಟಿಲು ಹತ್ತಿ ಬರುವ ಜಾಗ, ಗೋಡೆಯಲ್ಲಿ ತೇವ ಇರುವುದೇ ಅಲ್ವಾ.

ಮಲ್ಪೆಯಲ್ಲಿ ಅಂಥದ್ದೇ ಒಂದು ಹಳೆ ಗೋಡೆಯಲ್ಲಿ ಪರೀಕ್ಷೆ ಮಾಡಿದೆ. ಉಪ್ಪು ಕೆರೆದು, ಒಣಗಿಸಿ, ಪ್ರೈಮರ್ ಹಾಕಿ ಅಕ್ರಿಲಿಕ್ ಬಳಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದಿತು, ಉಗುರು ತಾಗಿದರೆ ಸಿಪ್ಪೆ ಹಾಗೆ ಏಳುತ್ತದೆ. ಆಮೇಲೆ ಸುಣ್ಣಕ್ಕೇ ಬಣ್ಣದ ಪುಡಿ ಕಲಸಿ ನೋಡಿದೆ. ಅದು ಏಳಲಿಲ್ಲ, ಆದರೆ ಕಡುನೀಲಿ ಬರುವುದೇ ಇಲ್ಲ, ಎಲ್ಲ ಮಾಸಲು, ಕೈಗೂ ಹತ್ತುತ್ತದೆ.

ಸಿಲಿಕೇಟ್ ಬಣ್ಣ (ಗಾರೆಯ ಜೊತೆಗೇ ಬೆಸೆದುಕೊಳ್ಳುವ ಖನಿಜದ ಬಣ್ಣ) ಗೋಡೆಗೆ ಉಸಿರಾಡಲು ಬಿಡುತ್ತದೆ, ಅಂದರೆ ಒಳಗಿನ ತೇವ ಹೊರಗೆ ಹೋಗುತ್ತದೆ ಅಂತ ಗೆಳತಿ ಹೇಳುತ್ತಾಳೆ. ಉಪ್ಪು ಬಿಡುವ ಗಾರೆ ಮೇಲೆ ಅದನ್ನು ಬಳಸಿದವರು ಯಾರಾದರೂ ಇದ್ದೀರಾ ಮಾರಾಯ್ರೆ? ಅಥವಾ ಕೆಳಗಿನ ಗಾರೆ ಕಿತ್ತು ಹೊಸ ಸುಣ್ಣದ ಗಾರೆ ಹಾಕಿಸಲೇಬೇಕಾ?