ಸಹಾಯ ಬೇಕು: ಹೊಟ್ಟೆಯಲ್ಲೇ ಮಲ ಮಾಡಿಕೊಂಡ ಮಗು, ಏರಿರುವ ಸಿಆರ್‌ಪಿ

ಗುಂಪಿನಲ್ಲಿರುವ ಮಕ್ಕಳ ವೈದ್ಯರಲ್ಲಿ ಹಾಗೂ ಇಂಥ ಅನುಭವವಿರುವ ತಂದೆತಾಯಂದಿರಲ್ಲಿ ಒಂದು ವಿನಂತಿ.

41 ವಾರ ತುಂಬಿದ ಮೇಲೆ ಮೊನ್ನೆ ನನ್ನ ತಂಗಿಗೆ ಹೆರಿಗೆಯಾಯಿತು. ನೀರು ಒಡೆದಾಗ ಹಸಿರಾಗಿ, ಮಂದವಾಗಿತ್ತು. ಮಗು ಒಳಗೇ ಮಲ ಮಾಡಿಕೊಂಡಿದೆ ಎಂದು ವೈದ್ಯರು ತಿಳಿಸಿದರು. ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತಿತಾದರೂ, ಕೆಲವೇ ಗಂಟೆಗಳಲ್ಲಿ ಉಸಿರಾಟ ನಿಮಿಷಕ್ಕೆ 70 ದಾಟಿದ್ದರಿಂದ (60ರವರೆಗೆ ಸಹಜವಂತೆ) ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿಸಿದರು. 24 ಗಂಟೆಗೆ ಮಾಡಿದ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಲೀಟರಿಗೆ 28 ಮಿಲಿಗ್ರಾಂ ಇದೆ. 10 ಮೀರಬಾರದೆಂದು ವರದಿಯಲ್ಲೇ ಅಚ್ಚಾಗಿದೆ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ವರದಿ ಇನ್ನೂ ಬರಬೇಕು. ಅಷ್ಟರಲ್ಲಿ ಆಂಟಿಬಯೋಟಿಕ್ ಆರಂಭಿಸಿದ್ದಾರೆ, ಅದು ಸರಿಯೆಂದೇ ನನ್ನ ಭಾವನೆ.

ಸೋಂಕಿಲ್ಲದಿದ್ದರೂ ಆ ಮಲವೇ ಶ್ವಾಸಕೋಶವನ್ನು ಕೆರಳಿಸಿ ಉರಿಯೂತ ತರಬಲ್ಲದು, ಹೆರಿಗೆಯ ಒತ್ತಡದಿಂದಲೂ ಮೊದಲ ಎರಡು ದಿನ ಸಿಆರ್‌ಪಿ ಏರಬಲ್ಲದು ಎಂದು ಓದಿದ್ದೇನೆ. ಹಾಗಾದರೆ ಇವೆರಡನ್ನೂ ಸೋಂಕಿನಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ಕಲ್ಚರ್ ನೆಗೆಟಿವ್ ಬಂದು, ಸಿಆರ್‌ಪಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಎಷ್ಟು ದಿನಕ್ಕೆ ಔಷಧಿ ನಿಲ್ಲಿಸುತ್ತಾರೆ? ವೈದ್ಯರು ರೌಂಡ್ಸ್‌ನಲ್ಲಿ ಎರಡು ನಿಮಿಷ ಮಾತ್ರ ಸಿಗುವುದರಿಂದ, ನಾಳೆ ಅವರನ್ನು ಮುಖ್ಯವಾಗಿ ಏನು ಕೇಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಬಜೆ, ಜೇನುತುಪ್ಪದ ಸಲಹೆಗಳು ದಯವಿಟ್ಟು ಬೇಡ. ಅವು ಮನೆಯಲ್ಲೇ ಸಾಕಷ್ಟು ಸಿಗುತ್ತಿವೆ.