4 ಅಡಿಯ ಉಪ್ಪುನೀರಿನ ಟ್ಯಾಂಕ್: ಯಾವ ಮೀನು, ಯಾವ ಕ್ರಮದಲ್ಲಿ?

ಹೊಸಅಲೆ:
ಟ್ಯಾಂಕ್ 120×50×50 ಸೆಂ.ಮೀ., ಲೆಕ್ಕಕ್ಕೆ 300 ಲೀಟರ್. ಕಲ್ಲು, ಮರಳು ಕಳೆದರೆ ನೀರು 240 ಲೀಟರ್ ಆಸುಪಾಸು. ಲೈವ್ ರಾಕ್ (ಉಪಯುಕ್ತ ಬ್ಯಾಕ್ಟೀರಿಯಾ ನೆಲೆಸಿದ ಕಲ್ಲು) ಹಾಕಿ ಆರು ವಾರ ಆಯ್ತು. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10 ಪಿಪಿಎಂ, ಸಾಂದ್ರತೆ 1.025, ಉಷ್ಣತೆ 25.5 ಡಿಗ್ರಿ. ಸ್ಕಿಮ್ಮರ್ (ನೊರೆಯ ಮೂಲಕ ನೀರಿನ ಕೊಳೆ ತೆಗೆಯುವ ಯಂತ್ರ) ಓಡ್ತಿದೆ, ಮೇಲೆ ಮುಚ್ಚಳ ಇಲ್ಲ. ಮುಂದೆ ಸಾಫ್ಟ್ ಕೋರಲ್ (ಮೆತ್ತನೆಯ ಹವಳ) ಇಡುವ ಯೋಚನೆ ಇದೆ.

ಅಂದುಕೊಂಡಿರುವ ಮೀನುಗಳು: ಒಂದು ಜೋಡಿ ಕ್ಲೌನ್‌ಫಿಶ್, ಮೂರು ನೀಲಿ ಡ್ಯಾಮ್ಸೆಲ್, ರಾಯಲ್ ಗ್ರಾಮಾ, ಸಿಕ್ಸ್‌ಲೈನ್ ರಾಸ್, ಮ್ಯಾಂಡರಿನ್, ಫ್ಲೇಮ್ ಏಂಜೆಲ್, ಕೊನೆಗೆ ಒಂದು ಬ್ಲೂ ಟ್ಯಾಂಗ್. ಇವು ಹೊಂದಿಕೊಂಡು ಬಾಳುತ್ತವೆಯೇ? ಡ್ಯಾಮ್ಸೆಲ್ ಗಟ್ಟಿ ಮೀನು, ಅದರಿಂದಲೇ ಶುರು ಮಾಡಿ ಅಂತ ಓದಿದೆ.

ಹವಳದಿಬ್ಬ:
ಡ್ಯಾಮ್ಸೆಲ್‌ನಿಂದ ದಯವಿಟ್ಟು ಶುರು ಮಾಡಬೇಡಿ. ಗಟ್ಟಿ ಹೌದು, ತೊಂದರೆ ಇರುವುದೂ ಅಲ್ಲೇ. ಖಾಲಿ ಟ್ಯಾಂಕ್‌ಗೆ ಮೊದಲು ಇಳಿದ ಡ್ಯಾಮ್ಸೆಲ್ ಇಡೀ ಕಲ್ಲುಗುಡ್ಡೆಯನ್ನು ತನ್ನದು ಮಾಡಿಕೊಳ್ಳುತ್ತದೆ. ಮೂರು ಬಿಟ್ಟರೆ ಬಲವಾದದ್ದು ಉಳಿದೆರಡನ್ನು ಮೂಲೆಗೆ ಅಟ್ಟಿ ರೆಕ್ಕೆ ಹರಿಯುತ್ತದೆ. ಆಮೇಲೆ ಬರುವ ಹೊಸಬರಿಗೂ ಅದೇ ಗತಿ. ಹಿಡಿದು ತೆಗೆಯೋಣ ಅಂದರೆ ಕಲ್ಲನ್ನೆಲ್ಲ ಹೊರಗಿಡಬೇಕು. ಟ್ಯಾಂಕ್ ಸಿದ್ಧವಾಗಿದೆಯೇ ಎಂದು ನೋಡಲು ಮೀನೇ ಬೇಕಿಲ್ಲ. ಬಾಟಲಿ ಅಮೋನಿಯಾವನ್ನು 2 ಪಿಪಿಎಂ ಬರುವಷ್ಟು ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0ಕ್ಕೆ ಇಳಿದರೆ ಆಯ್ತು.

ಬ್ಲೂ ಟ್ಯಾಂಗ್ ಕೂಡ ಬೇಡ. ಅಂಗಡಿಯಲ್ಲಿ 5 ಸೆಂ.ಮೀ. ಇರುವ ಮರಿ 30 ಸೆಂ.ಮೀ. ತನಕ ಬೆಳೆಯುವ ಜಾತಿ. ದಿನವಿಡೀ ಉದ್ದಕ್ಕೆ ಈಜುವ ಮೀನು, 6 ಅಡಿಗಿಂತ ಕಡಿಮೆ ಟ್ಯಾಂಕ್‌ನಲ್ಲಿ ತಿರುಗಿ ತಿರುಗಿ ಬೇಸತ್ತು ರೋಗಕ್ಕೆ ಬೀಳುತ್ತದೆ. ಟ್ಯಾಂಗ್ ಬೇಕೇ ಬೇಕು ಅಂದರೆ ಕೋಲೆ ಟ್ಯಾಂಗ್ ಒಂದೇ ಒಂದು. 18 ಸೆಂ.ಮೀ. ಮೀರುವುದಿಲ್ಲ, ಕಲ್ಲಿನ ಮೇಲಿನ ಪಾಚಿ ಪದರವನ್ನು ಕೆರೆದು ತಿನ್ನುತ್ತದೆ. ಆದರೂ ಪಾಚಿ ಚೆನ್ನಾಗಿ ಕೂತ ಮೇಲೆ, ಅಂದರೆ ಆರು ತಿಂಗಳಾದ ಮೇಲೆ ತನ್ನಿ.

ಉಪ್ಪುನೀರಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಜಾಗಕ್ಕೆ. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಬಗೆಯ ಬಿಲ ಹುಡುಕುವ ಎರಡು ಮೀನು ಇಟ್ಟರೆ ಯುದ್ಧ ಖಚಿತ. ಹಾಗಾಗಿ ಮಹಡಿ ಮಹಡಿಯಾಗಿ ಯೋಚಿಸಿ: ಮರಳಿನ ಮೇಲೆ ಯಾರು, ಕಲ್ಲಿನ ಸಂದಿಯಲ್ಲಿ ಯಾರು, ನಡುನೀರಿನಲ್ಲಿ ಯಾರು. ನಿಮ್ಮ ಟ್ಯಾಂಕ್‌ಗೆ ನಾನು ಹೇಳುವ ಕ್ರಮ ಇದು. ಮೊದಲು ಫೈರ್‌ಫಿಶ್ ಮತ್ತು ಹಳದಿ ವಾಚ್‌ಮನ್ ಗೋಬಿ, ನಂತರ ಬಂಗ್ಗಾಯ್ ಕಾರ್ಡಿನಲ್ ಒಂದು ಜೋಡಿ, ನಂತರ ರಾಯಲ್ ಗ್ರಾಮಾ, ಆಮೇಲೆ ಕ್ಲೌನ್ ಜೋಡಿ, ಕಟ್ಟಕಡೆಗೆ ಫ್ಲೇಮ್ ಏಂಜೆಲ್. ಅಂಜುಬುರುಕರು ಮೊದಲು, ಜೋರಿನವರು ಕೊನೆಗೆ. ಒಂದು ಸರದಿಗೂ ಇನ್ನೊಂದಕ್ಕೂ ಮೂರು ನಾಲ್ಕು ವಾರ ಬಿಡಿ. ಫೈರ್‌ಫಿಶ್ ಹೆದರಿದರೆ ನೆಗೆಯುತ್ತದೆ, 6 ಮಿ.ಮೀ. ಕಣ್ಣಿನ ಬಲೆ ಮುಚ್ಚಳ ಮೊದಲೇ ಹಾಕಿಸಿ.

ಗ್ರಾಮಾ ಕೊಳ್ಳುವಾಗ ಹತ್ತಿರದಿಂದ ನೋಡಿ. ರಾಯಲ್ ಡಾಟಿಬ್ಯಾಕ್ ಎಂಬ ಜಗಳಗಂಟ ಮೀನು ಅದರಂತೆಯೇ ಅರ್ಧ ನೇರಳೆ, ಅರ್ಧ ಹಳದಿ. ಗ್ರಾಮಾದಲ್ಲಿ ನೇರಳೆ ಚುಕ್ಕೆ ಚುಕ್ಕೆಯಾಗಿ ಹಳದಿಗೆ ಕರಗುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣದ ನಡುವೆ ಚಾಕುವಿನಲ್ಲಿ ಕತ್ತರಿಸಿದಂಥ ಗೆರೆ.

ಮರಳುಗೋಬಿ:
ಮೇಲಿನ ಮಾತಿಗೆ ಎರಡು ಸೇರಿಸುತ್ತೇನೆ. ಮ್ಯಾಂಡರಿನ್ ಮತ್ತು ಸಿಕ್ಸ್‌ಲೈನ್ ಇಬ್ಬರೂ ತಿನ್ನುವುದು ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಪುಟಾಣಿ ಜೀವಿಗಳನ್ನೇ. ರಾಸ್ ಚುರುಕು, ಮ್ಯಾಂಡರಿನ್ ನಿಧಾನ. ಆರು ವಾರದ ಟ್ಯಾಂಕ್‌ನಲ್ಲಿ ಮ್ಯಾಂಡರಿನ್‌ಗೆ ಬೇಕಾದಷ್ಟು ಕೋಪೆಪಾಡ್ ಇರುವುದೇ ಇಲ್ಲ. ನೋಡುವವರಿಗೆ ಅದು ದಿನವಿಡೀ ಕುಕ್ಕುತ್ತಾ ಸುಖವಾಗಿಯೇ ಕಾಣುತ್ತದೆ, ಹೊಟ್ಟೆ ಮಾತ್ರ ಒಳಗೆ ಹೋಗುತ್ತಿರುತ್ತದೆ. ಮುಂದಿನಿಂದ ನೋಡಿದಾಗ ತಲೆಯ ಹಿಂದೆ ಬೆನ್ನು ಏಣಿನಂತೆ ಚೂಪಾಗಿದ್ದರೆ ಅದು ಉಪವಾಸ ಬಿದ್ದಿದೆ ಎಂದೇ ಅರ್ಥ. ವರ್ಷ ಕಳೆದ ಮೇಲೆ, ಕೀಟೊಮಾರ್ಫಾ ಪಾಚಿ ಇರುವ ರೆಫ್ಯೂಜಿಯಂ (ಕೋಪೆಪಾಡ್ ಬೆಳೆಯಲು ಬಿಡುವ ಪ್ರತ್ಯೇಕ ತೊಟ್ಟಿ) ಜೋಡಿಸಿದ್ದರೆ, ಹೆಪ್ಪುಗಟ್ಟಿಸಿದ ಆಹಾರ ತಿನ್ನುವುದನ್ನು ಅಂಗಡಿಯಲ್ಲೇ ಕಣ್ಣಾರೆ ಕಂಡು ತನ್ನಿ. ಸಿಕ್ಸ್‌ಲೈನ್ ಪೂರ್ತಿ ಕೈಬಿಡಿ. ಕೊನೆಯದಾಗಿ ಬಿಟ್ಟರೂ ಫೈರ್‌ಫಿಶ್ ಅನ್ನು ಬಿಲದಿಂದ ಹೊರಗೆ ಬರಗೊಡುವುದಿಲ್ಲ.

ಗೋಬಿ ಜೊತೆಗೆ ಟೈಗರ್ ಪಿಸ್ತೂಲ್ ಸೀಗಡಿ ಇಡುವುದಾದರೆ ಕಲ್ಲು ಮರಳಿನ ಮೇಲೆ ಕೂತಿರಬಾರದು, ತಳದ ಗಾಜಿನ ಮೇಲೇ ಕೂತಿರಬೇಕು. ಸೀಗಡಿ ಮರಳನ್ನು ಬುಲ್ಡೋಜರ್‌ನಂತೆ ತಳ್ಳಿ ಸುರಂಗ ತೋಡುತ್ತದೆ, ಮೇಲಿನ ಕಲ್ಲು ಜಾರಿ ಮೀನನ್ನೇ ಜಜ್ಜಬಹುದು. ಸೀಗಡಿಗೆ ಕಣ್ಣು ಮಂದ, ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಗೋಬಿ ಬಾಲ ಪಟಕ್ಕನೆ ಅಲ್ಲಾಡಿಸಿದರೆ ಇಬ್ಬರೂ ಒಳಗೆ. ನೋಡಲು ಇದಕ್ಕಿಂತ ಚೆಂದದ ಜೋಡಿ ಇಲ್ಲ.

ಉಪ್ಪುಮಾಪಕ:
ಕ್ವಾರಂಟೈನ್ ವಿಷಯ ಯಾರೂ ಎತ್ತಿಲ್ಲ. 40–60 ಲೀಟರ್‌ನ ಬರಿ ಟ್ಯಾಂಕ್, ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪ್ ತುಂಡು ಸಾಕು. ಪ್ರತಿ ಮೀನೂ ಅಲ್ಲಿ ಕನಿಷ್ಠ ನಾಲ್ಕು ವಾರ ಇರಲಿ. ಬಿಳಿಚುಕ್ಕೆ ರೋಗ ಒಮ್ಮೆ ಮುಖ್ಯ ಟ್ಯಾಂಕ್ ಹೊಕ್ಕರೆ ಎಲ್ಲ ಮೀನು ಹೊರತೆಗೆದು ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಬೇಕಾಗುತ್ತದೆ. ಅಲ್ಲೇ ತಾಮ್ರದ ಔಷಧಿ ಹಾಕುವಂತಿಲ್ಲ. ಹವಳ, ಸೀಗಡಿ ಸಾಯುತ್ತವೆ, ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ.

ಅಂಗಡಿ ನೀರಿನ ಸಾಂದ್ರತೆ ಎಷ್ಟೋ ಸಲ 1.019ರ ಆಸುಪಾಸು ಇರುತ್ತದೆ. ಕೇಳಿ ತಿಳಿದು ಕ್ವಾರಂಟೈನ್ ನೀರನ್ನೂ ಅಷ್ಟಕ್ಕೇ ಇಟ್ಟುಕೊಳ್ಳಿ, ಆಮೇಲೆ ದಿನಕ್ಕೆ 0.002ರಂತೆ ಏರಿಸಿ. ದೂರದಿಂದ ಬಂದ ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಚೀಲ ತೆರೆದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಅದರಲ್ಲಿ ಸೇರಿಕೊಂಡಿದ್ದ ಅಮೋನಿಯಾ ವಿಷವಾಗುತ್ತದೆ. ಮುಚ್ಚಿದ ಚೀಲವನ್ನೇ 20 ನಿಮಿಷ ತೇಲಿಸಿ, ಉಷ್ಣತೆ ಸಮವಾದ ಮೇಲೆ ಮೀನನ್ನಷ್ಟೇ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ.

ಹೊಸಅಲೆ:
ಡ್ಯಾಮ್ಸೆಲ್, ಸಿಕ್ಸ್‌ಲೈನ್, ಬ್ಲೂ ಟ್ಯಾಂಗ್ ಕೈಬಿಟ್ಟೆ. ಮ್ಯಾಂಡರಿನ್ ಮುಂದಿನ ವರ್ಷಕ್ಕೆ. ಕ್ಲೌನ್ ಜೋಡಿ ಗಂಡು, ಹೆಣ್ಣು ಅಂತ ಆರಿಸುವುದು ಹೇಗೆ? ಏಂಜೆಲ್ ಬಿಡುವಾಗ ಹಳಬರು ಮೇಲೆ ಬಿದ್ದರೆ?

ಹವಳದಿಬ್ಬ:
ಕ್ಲೌನ್ ಮರಿಗಳಲ್ಲಿ ಗಂಡು ಹೆಣ್ಣು ಇನ್ನೂ ತೀರ್ಮಾನವಾಗಿರುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ದೊಡ್ಡದು ಹೆಣ್ಣಾಗುತ್ತದೆ, ಚಿಕ್ಕದು ಗಂಡಾಗಿ ಉಳಿಯುತ್ತದೆ. ಚಿಕ್ಕದು ಓರೆಯಾಗಿ ಮೈ ನಡುಗಿಸಿದರೆ ಗಾಬರಿ ಬೇಡ, ಅದು ಶರಣಾದ ಗುರುತು. ಎರಡೂ ದೊಡ್ಡವನ್ನು ತಂದರೆ ಎರಡೂ ಹೆಣ್ಣಾಗಿರುವ ಸಾಧ್ಯತೆ ಹೆಚ್ಚು, ಒಂದು ಸಾಯುವ ತನಕ ಕಾದಾಡುತ್ತವೆ.

ಏಂಜೆಲ್ ಅನ್ನು ರಂಧ್ರವಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು ಟ್ಯಾಂಕ್ ಒಳಗೇ ಮೂರು ನಾಲ್ಕು ದಿನ ನೇತುಹಾಕಿ, ಊಟವೂ ಅಲ್ಲೇ. ಹಳಬರು ಪೆಟ್ಟಿಗೆಯ ಗೋಡೆಗೆ ಬಂದು ಬಂದು ಗುದ್ದುವುದು ನಿಲ್ಲುವ ತನಕ ಬಿಡಬೇಡಿ. ಬಿಡುವ ದಿನ ನಾಲ್ಕೈದು ಕಲ್ಲು ಅತ್ತಿತ್ತ ಸರಿಸಿ, ದೀಪ ಆರಿಸಿ. ಏಂಜೆಲ್ ಝೂವಾಂಥಿಡ್ ಹವಳಗಳನ್ನು ಕುಕ್ಕಬಹುದು, ಬೆಲೆಬಾಳುವವನ್ನು ಇಡುವ ಮುಂಚೆ ಒಂದು ಸಾಮಾನ್ಯ ತುಂಡು ಇಟ್ಟು ವಾರ ನೋಡಿ.